ಕುದುರೆಯ ಜೊಲ್ಲು ಹೇಳಿದ ಸಾಕ್ಷಿ

ರೇಸಿನ ದಿನ ಬೆಂಗಳೂರಿನ ಮೈದಾನದಲ್ಲಿ ಬೇಲಿಯ ಬಳಿ ನಿಂತವರಿಗೆ ಗೊತ್ತು: ಗೆದ್ದ ಕುದುರೆಗೆ ಜೈಕಾರ ಹಾಕುವವರ ನಡುವೆಯೇ ‘ಏನೋ ಕೊಟ್ಟಿದ್ದಾರೆ ಕಣಯ್ಯ’ ಎನ್ನುವವನೊಬ್ಬ ಇದ್ದೇ ಇರುತ್ತಾನೆ. ಸೋತವನ ಹೊಟ್ಟೆಯುರಿ ಎಂದು ನಾವು ನಕ್ಕುಬಿಡುತ್ತೇವೆ. ಆದರೆ ಕೊಟ್ಟಿದ್ದೇ ನಿಜವಾದರೆ ತೋರಿಸಿಕೊಡುವುದು ಹೇಗೆ? ಕುದುರೆಗೆ ಬಾಯುಂಟು, ಮಾತಿಲ್ಲ.

ಹಿಂದೆ ಇಂಗ್ಲೆಂಡಿನಲ್ಲಿ ಮದ್ದು ಹಾಕುತ್ತಿದ್ದುದು ಕುದುರೆಯನ್ನು ಕೆಡಿಸುವುದಕ್ಕೆ. ನ್ಯೂಮಾರ್ಕೆಟ್ಟಿನಲ್ಲಿ ಕುದುರೆಗಳು ನೀರು ಕುಡಿಯುವ ತೊಟ್ಟಿಗೆ ಪಾಷಾಣ ಬೆರೆಸಿದ ಡೇನಿಯಲ್ ಡಾಸನ್ ಎಂಬವನನ್ನು 1812ರಲ್ಲಿ ಕೇಂಬ್ರಿಜ್ಜಿನಲ್ಲಿ ಗಲ್ಲಿಗೇರಿಸಿದರು. ಗೆಲ್ಲಿಸುವ ಮದ್ದು ಅಲ್ಲಿ ಹಬ್ಬಿದ್ದು ಆ ಶತಮಾನದ ಕೊನೆಗೆ, ಅಮೆರಿಕದಿಂದ ಬಂದ ಕೆಲವು ತರಬೇತುಗಾರರ ಕಾಲದಲ್ಲಿ. ಕೊಕೇನ್ ಅವರ ಕೈಮದ್ದು. ಕೆಲಸಕ್ಕೆ ಬಾರದ ಕುದುರೆಯೂ ಕಣ್ಣರಳಿಸಿ ಬೆವರುತ್ತ ಓಡಿ ಗೆಲ್ಲುತ್ತಿತ್ತು. ತಡೆಯುವ ನಿಯಮವೇ ಇರಲಿಲ್ಲ.

ಜಾರ್ಜ್ ಲ್ಯಾಂಬ್ಟನ್ ಎಂಬ ಹೆಸರಾಂತ ತರಬೇತುಗಾರರು ಈ ಸಂಗತಿಯನ್ನು ರೇಸಿನ ಹಿರಿಯರಿಗೆ ಹೇಳಿದರು. ಅವರು ನಂಬಲಿಲ್ಲ. ಆಗ ಲ್ಯಾಂಬ್ಟನ್ನರು ಮೊದಲೇ ತಿಳಿಸಿ, ತಮ್ಮ ಲಾಯದ ಕೈಲಾಗದ ಕುದುರೆಗಳಿಗೇ ಮದ್ದು ಕುಡಿಸಿ, ತಾವು ಒಂದು ಕಾಸೂ ಪಣ ಕಟ್ಟದೆ ಓಡಿಸಿದರು. ಐದರಲ್ಲಿ ನಾಲ್ಕು ಗೆದ್ದವು! ಕಳ್ಳತನ ಹೇಗೆಂದು ತೋರಿಸಲು ಕನ್ನ ಕೊರೆದಂತಾಯಿತು. ಆ ಮೂಕಪ್ರಾಣಿಗಳನ್ನು ನೆನೆದರೆ ನನಗೇನೂ ಅದು ಹಿತವೆನಿಸದು. ಆದರೆ ಬೇರೆ ದಾರಿ ಇತ್ತೆಂದೂ ಹೇಳಲಾರೆ. 1903ರ ಸುಮಾರಿಗೆ ಜಾಕಿ ಕ್ಲಬ್ಬು ಮದ್ದನ್ನು ನಿಷೇಧಿಸಿತು.

ನಿಷೇಧವೇನೋ ಬಂತು, ಪತ್ತೆ ಮಾಡುವವರು ಯಾರು? ವಾರ್ಸಾ ನಗರದ ಬುಕೋವ್ಸ್ಕಿ 1910ರಲ್ಲಿ ವಿಯೆನ್ನಾದ ರೇಸಿನವರ ಕರೆಯ ಮೇಲೆ ಬಂದು, ಕುದುರೆಯ ಜೊಲ್ಲಿನಲ್ಲಿಯೇ ಮದ್ದಿನ ಸುಳಿವು ಹಿಡಿದರು. ಹೇಗೆಂದು ಮಾತ್ರ ಬಾಯಿಬಿಡಲಿಲ್ಲ, ನಮ್ಮ ನಾಟಿ ವೈದ್ಯ ಬೇರಿನ ಗುಟ್ಟು ಬಿಡದ ಹಾಗೆ. ಅದೇ ವಿಯೆನ್ನಾದ ಫ್ರ್ಯಾಂಕೆಲ್ ಎಂಬ ಪ್ರಾಧ್ಯಾಪಕರು ತಾವೇ ದಾರಿ ಹುಡುಕಿ, 1910-11ರಲ್ಲಿ 218 ಪರೀಕ್ಷೆಗಳನ್ನು ಮಾಡಿದರು. ಮುಂದೆ ಅಮೆರಿಕದಲ್ಲಿ ಒಂದು ಸೋಜಿಗದ ಉಪಾಯ ಬಳಕೆಗೆ ಬಂತು. ಜೊಲ್ಲಿನಿಂದ ಇಳಿಸಿದ ಸಾರವನ್ನು ಸುಂಡಿಲಿಗೆ ಚುಚ್ಚಿದರೆ, ಮಾರ್ಫೀನಿನ ಜಾತಿಯ ಮದ್ದಿದ್ದಲ್ಲಿ ಅದರ ಬಾಲ ಬೆನ್ನಿನ ಕಡೆಗೆ ಬಾಗಿ ಸೆಟೆದು ನಿಲ್ಲುತ್ತಿತ್ತು!

ಹಾಗಾದರೆ ಪರೀಕ್ಷೆ ಹೇಳಿದ್ದೆಲ್ಲ ಸತ್ಯವೇ? 1967ರ ಫೆಬ್ರವರಿಯಲ್ಲಿ ನ್ಯೂಬರಿಯ ದೊಡ್ಡ ಪಂದ್ಯವೊಂದನ್ನು ಹಿಲ್ ಹೌಸ್ ಎಂಬ ಕುದುರೆ ಹನ್ನೆರಡು ಕುದುರೆಯುದ್ದದ ಅಂತರದಿಂದ ಗೆದ್ದಿತು. ಜನ ಚಪ್ಪಾಳೆ ತಟ್ಟಲಿಲ್ಲ, ಧಿಕ್ಕಾರ ಕೂಗಿದರು. ಪರೀಕ್ಷಿಸಿದಾಗ ಕಾರ್ಟಿಸಾಲ್ ಮಿತಿಮೀರಿ ಕಂಡಿತು. ತರಬೇತುಗಾರ ರಯಾನ್ ಪ್ರೈಸರ ಹೆಸರು ತಿಂಗಳುಗಟ್ಟಲೆ ತೂಗುಯ್ಯಾಲೆಯಲ್ಲಿತ್ತು. ಕೊನೆಗೆ ಕುದುರೆಯನ್ನು ನ್ಯೂಮಾರ್ಕೆಟ್ಟಿನ ಸಂಶೋಧನಾಲಯದಲ್ಲಿ ಕಟ್ಟಿ, ಕಾದು ನೋಡಿದರು. ಯಾರೂ ಏನೂ ಕೊಡಲಿಲ್ಲ. ಕಾರ್ಟಿಸಾಲ್ ಮಾತ್ರ ಮತ್ತೆ ಅಷ್ಟೇ ಏರಿತು. ಆ ಕುದುರೆಯ ಮೈಯೇ ಅದನ್ನು ಅಷ್ಟು ಧಾರಾಳವಾಗಿ ತಯಾರಿಸುತ್ತಿತ್ತು. ಆಗಸ್ಟಿನಲ್ಲಿ ಪ್ರೈಸರ ಮೇಲಿನ ಆರೋಪ ಕಳಚಿತು.