ಫ್ಲಮೆಂಕೊ ಅಲ್ಲದ ಗಿಟಾರುಗಳು

ಗಿಟಾರ್ ಜೋಡಿ ‘ರೊಡ್ರಿಗೊ ಇ ಗೇಬ್ರಿಯೆಲಾ’ 2006ರಲ್ಲಿ ತನ್ನದೇ ಹೆಸರಿನಲ್ಲಿ ಹೊರತಂದ ಧ್ವನಿಮುದ್ರಿಕೆಯನ್ನು ಮೊದಲ ಸಲ ಕೇಳಿದಾಗ, ಅದು ಸ್ಪೇನಿನ ಫ್ಲಮೆಂಕೊ ಸಂಗೀತವೆಂದೇ ನಾವು ಬಗೆದೆವು. ಬೆರಳುಗಳ ಬಿರುಸು, ನೈಲಾನ್ ತಂತಿಗಳ ನಾದ, ನಡುನಡುವೆ ಮರದ ಮೇಲೆ ಬೀಳುವ ಪೆಟ್ಟು, ಎಲ್ಲವೂ ಹಾಗೆಯೇ ನಂಬಿಸುತ್ತವೆ. ಆದರೆ ತಾವು ನುಡಿಸುವುದು ಫ್ಲಮೆಂಕೊ ಅಲ್ಲವೆಂದು ಈ ಕಲಾವಿದರೇ ಹೇಳುತ್ತ ಬಂದಿದ್ದಾರೆ. ದಿಲ್ಲಿಯಲ್ಲಿ ಇಷ್ಟು ವರ್ಷ ‘ಮದ್ರಾಸಿ’ ಎನ್ನಿಸಿಕೊಂಡು, ಪ್ರತಿಸಲವೂ ತಿದ್ದಿ ದಣಿದ ನಾವೇ ಈ ತಪ್ಪು ಮಾಡಿದೆವಲ್ಲ!

ರೊಡ್ರಿಗೊ ಸಾಂಚೆಸ್, ಗೇಬ್ರಿಯೆಲಾ ಕ್ವಿಂಟೆರೊ ಇಬ್ಬರೂ ಮೆಕ್ಸಿಕೊ ನಗರದವರು. ಅಲ್ಲಿ ‘ಟಿಯೆರಾ ಆಸಿದಾ’ ಎಂಬ ಥ್ರ್ಯಾಶ್ ಮೆಟಲ್ ತಂಡದಲ್ಲಿದ್ದವರು. 1999ರಲ್ಲಿ ಐರ್ಲೆಂಡಿನ ಡಬ್ಲಿನ್ ಸೇರಿ, ಗ್ರಾಫ್ಟನ್ ಬೀದಿಯಲ್ಲಿ ದಾರಿಹೋಕರಿಗಾಗಿ ನುಡಿಸಿ ಹೊಟ್ಟೆ ಹೊರೆದರು. ಜೊತೆಗೆ ಡ್ರಮ್ ವಾದಕನಿಲ್ಲ. ಆ ಕೆಲಸವನ್ನು ಗೇಬ್ರಿಯೆಲಾ ಅವರ ಬಲಗೈ ವಹಿಸಿಕೊಂಡಿದೆ: ತಂತಿ ಮೀಟುತ್ತಲೇ ಗಿಟಾರಿನ ಒಡಲನ್ನು ಬಾರಿಸುವ ಕೈ.

ಜಾನ್ ಲೆಕಿ ನಿರ್ಮಿಸಿದ ಈ ಮುದ್ರಿಕೆ ಐರ್ಲೆಂಡಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಒಂಬತ್ತು ಕೃತಿಗಳಲ್ಲಿ ಏಳು ಅವರ ಸ್ವಂತದವು. ಉಳಿದೆರಡರಲ್ಲಿ ಲೆಡ್ ಝೆಪೆಲಿನ್ ತಂಡದ ‘ಸ್ಟೇರ್‌ವೇ ಟು ಹೆವನ್’ ನಮಗೆ ಅಷ್ಟಾಗಿ ಹಿಡಿಸಲಿಲ್ಲ. ಮಾತು ಕಳೆದುಕೊಂಡ ಹಾಡು ಬಡವಾಗಿದೆ. ಮೆಟಾಲಿಕಾದ ‘ಒರಾಯನ್’ ಆದರೋ 1986ರ ಮೂಲದಲ್ಲಿಯೇ ವಾದ್ಯಕೃತಿ. ಎಲೆಕ್ಟ್ರಿಕ್ ಗಿಟಾರುಗಳ ಅಬ್ಬರಕ್ಕೆಂದು ಹುಟ್ಟಿದ ಆ ಸ್ವರಗಳು ಇಲ್ಲಿ ಬರಿಯ ಮರ, ತಂತಿಗಳ ಮೇಲೆ ಕುಗ್ಗದೆ ನಿಲ್ಲುತ್ತವೆ. ಅದನ್ನು ಕೇಳಿದ ಬಳಿಕ ಮೊದಲ ಕೃತಿ ‘ತಮಾಕುನ್’ಗೆ ಮರಳಿದೆವು. ಈ ಸಲ ಕಿವಿಗೆ ಬಿದ್ದದ್ದು ಸ್ಪೇನ್ ಅಲ್ಲ, ಮೆಕ್ಸಿಕೊ ನಗರದ ಆ ಮೆಟಲ್ ತಂಡ.