ಜೀವಕೋಶದ ಗ್ರಾಹಕಗಳು ಮತ್ತು ನರಪೆಪ್ಟೈಡ್‌ಗಳು: ಡಾ. ಗೈತಿ ಹಸನ್ ಅವರ ಸಂಶೋಧನೆ

ಪೀಠಿಕೆ

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್ ಸೇರಿದಂತೆ ಎಲ್ಲೆಡೆ, ಮಾಗಿದ ಬಾಳೆಹಣ್ಣಿನ ಸುತ್ತ ಹಾರಾಡುವ ಸಣ್ಣ ಹಣ್ಣುನೊಣವು ಸಾರ್ವಜನಿಕರಿಗೆ ಪರಿಚಿತವಾದ ಕೀಟವಾಗಿದೆ. ಈ ಕೀಟದ ನರಕೋಶಗಳು ಸಂದೇಶವನ್ನು ಗ್ರಹಿಸುವ ಬಗೆಯನ್ನು ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ಡಾ. ಗೈತಿ ಹಸನ್ ಅವರು ದೀರ್ಘಕಾಲ ಅಧ್ಯಯನ ಮಾಡಿದ್ದಾರೆ.

ವೃತ್ತಿಜೀವನ

ಡಾ. ಹಸನ್ ಅವರು 1983ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪದವಿ ಪಡೆದರು. ಬಳಿಕ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಹಣ್ಣುನೊಣದ ಘ್ರಾಣಶಕ್ತಿಗೆ ಸಂಬಂಧಿಸಿದ ವಂಶವಾಹಿಯ ಅಧ್ಯಯನ ಕೈಗೊಂಡರು. 1992ರಲ್ಲಿ ಅಮೆರಿಕದ ವಿಜ್ಞಾನಿ ಮೈಕೇಲ್ ರಾಸ್‌ಬ್ಯಾಶ್ ಅವರೊಂದಿಗೆ ಹಣ್ಣುನೊಣದ ಐಪಿ3 ಗ್ರಾಹಕದ ವಂಶವಾಹಿಯನ್ನು ಕುರಿತ ಪ್ರಬಂಧವನ್ನು ಪ್ರಕಟಿಸಿದರು. ಮಾನವರಲ್ಲಿ ಇಂತಹ 3 ವಂಶವಾಹಿಗಳಿದ್ದು, ನೊಣದಲ್ಲಿ ಒಂದೇ ಇರುವುದರಿಂದ ಅದರ ಕಾರ್ಯವನ್ನು ಪರೀಕ್ಷಿಸುವುದು ಸುಲಭ.

ಕಾರ್ಯವಿಧಾನ

ನರಪೆಪ್ಟೈಡ್‌ಗಳು ನರಕೋಶಗಳು ಸ್ರವಿಸುವ ಸಣ್ಣ ಪ್ರೋಟೀನ್ ತುಣುಕುಗಳು. ಇವು ಮತ್ತೊಂದು ಕೋಶದ ಹೊರಪೊರೆಯಲ್ಲಿರುವ ಗ್ರಾಹಕಕ್ಕೆ ಅಂಟಿದಾಗ, ಆ ಕೋಶದೊಳಗೆ ಐಪಿ3 ಎಂಬ ಸಂದೇಶವಾಹಕ ವಸ್ತು ಉತ್ಪತ್ತಿಯಾಗಬಹುದು. ಇದು ಐಪಿ3 ಗ್ರಾಹಕವನ್ನು ತೆರೆದು, ಒಳಗೆ ಸಂಗ್ರಹವಾಗಿರುವ ಕ್ಯಾಲ್ಸಿಯಂ ಅನ್ನು ಬಿಡುಗಡೆಗೊಳಿಸುತ್ತದೆ. ಸಂಗ್ರಹವು ಕಡಿಮೆಯಾದೊಡನೆ ಹೊರಗಿನಿಂದ ಕ್ಯಾಲ್ಸಿಯಂ ಒಳಬರುತ್ತದೆ.

ಪ್ರಮುಖ ಫಲಿತಾಂಶಗಳು

1. 2004: ಐಪಿ3 ಗ್ರಾಹಕದಲ್ಲಿ ದೋಷವಿರುವ ನೊಣಗಳು ಹಾರಲಾರವು ಎಂದು ತೋರಿಸಲಾಯಿತು.

2. 2009: ಇಂತಹ ನೊಣಗಳ ನರಕೋಶಗಳಿಗೆ ಹೊರಗಿನಿಂದ ಕ್ಯಾಲ್ಸಿಯಂ ಬರುವ ಮಾರ್ಗವನ್ನು ಬಲಪಡಿಸಿದಾಗ ಹಾರಾಟವು ಮರಳಿತು.

3. 2013: ಪಿಡಿಎಫ್ ಎಂಬ ನರಪೆಪ್ಟೈಡ್‌ನ ಗ್ರಾಹಕವು ಹಾರಾಟವನ್ನು ನಿಯಂತ್ರಿಸುವುದು ಕಂಡುಬಂದಿತು.

4. 2018: ಎಫ್‌ಎಂಆರ್‌ಎಫ್‌ಎ ಎಂಬ ಮತ್ತೊಂದು ನರಪೆಪ್ಟೈಡ್‌ನ ಗ್ರಾಹಕವು ದೀರ್ಘ ಹಾರಾಟಕ್ಕೆ ಅಗತ್ಯವೆಂದು ವರದಿ ಮಾಡಲಾಯಿತು.

ಸಾರ್ವಜನಿಕ ಮಹತ್ವ

ಮಾನವರ ಐಟಿಪಿಆರ್1 ವಂಶವಾಹಿಯು ಇದೇ ಗ್ರಾಹಕವನ್ನು ರೂಪಿಸುತ್ತದೆ. ಅದರ ದೋಷದಿಂದ ನಡಿಗೆಯು ತೂರಾಡುವ ಹಾಗೂ ಮಾತು ತೊದಲುವ ಆನುವಂಶಿಕ ನರರೋಗವೊಂದು ಉಂಟಾಗುವುದೆಂದು 2007ರಲ್ಲಿ ವಿದೇಶಿ ವಿಜ್ಞಾನಿಗಳು ವರದಿ ಮಾಡಿದರು. ನೊಣದ ವಂಶವಾಹಿಯ ಪ್ರಕಟಣೆಗೂ ಇದಕ್ಕೂ ನಡುವೆ 15 ವರ್ಷಗಳು ಸಂದಿದ್ದವು. ಕೂಡಲೇ ಪ್ರಯೋಜನ ಕಾಣದ ಮೂಲವಿಜ್ಞಾನದ ಕಾರ್ಯವು ಮುಂದೆ ರೋಗದ ಕಾರಣವನ್ನು ಅರಿಯಲು ನೆರವಾಗುತ್ತದೆ ಎಂಬುದನ್ನು ಇದರಿಂದ ತಿಳಿಯಬಹುದಾಗಿದೆ.

ಸೂಚನೆ: ನೊಣಗಳಲ್ಲಿ ಕಂಡುಬಂದ ಫಲಿತಾಂಶಗಳನ್ನು ಮಾನವರಿಗೆ ಲಭ್ಯವಿರುವ ಚಿಕಿತ್ಸೆಯೆಂದು ಭಾವಿಸತಕ್ಕದ್ದಲ್ಲ. ನಡಿಗೆಯ ಅಥವಾ ಮಾತಿನ ತೊಂದರೆಯುಳ್ಳವರು ನರರೋಗ ತಜ್ಞರನ್ನು ಸಂಪರ್ಕಿಸುವುದು.