ಪೊಲೀಸರ 9 ಎಂಎಂ ಪಿಸ್ತೂಲ್ ಅಂಗಡಿಯವರಿಗೆ ಯಾಕೆ ಸಿಗಲ್ಲ? ಹಳೇ ಬ್ರೌನಿಂಗ್, ಹೊಸ ನಕಲುಗಳು

ಬಸವನಗುಡಿ: ಕಡಲೆಕಾಯಿ ಪರಿಷೆ ಬಂದೋಬಸ್ತ್‌ನಲ್ಲಿ ಪೊಲೀಸ್ ಅಧಿಕಾರಿಗಳ ಸೊಂಟದಲ್ಲಿ ಕಾಣುವ 9 ಎಂಎಂ ಪಿಸ್ತೂಲ್ ನೋಡಿ ‘ನಮಗೂ ಒಂದು ಸಿಗುತ್ತಾ’ ಅಂತ ಕೇಳೋ ವ್ಯಾಪಾರಿಗಳಿದ್ದಾರೆ. ಉತ್ತರ ಒಂದೇ: ಸಿಗಲ್ಲ.

ನಮ್ಮ ಸೇನೆ, ಪೊಲೀಸರು ವರ್ಷಗಳಿಂದ ಬಳಸುತ್ತಿರುವ ‘ಪಿಸ್ತೂಲ್ ಆಟೋ 9 ಎಂಎಂ 1ಎ’ ತಯಾರಾಗೋದು ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯಲ್ಲಿ. ಮೂಲ ವಿನ್ಯಾಸ ಮಾತ್ರ ಬೆಲ್ಜಿಯಂನ ಬ್ರೌನಿಂಗ್ ಹೈ-ಪವರ್. ಅಮೆರಿಕದ ಜಾನ್ ಬ್ರೌನಿಂಗ್ ಶುರು ಮಾಡಿ 1926ರಲ್ಲಿ ತೀರಿಕೊಂಡರು. ಡ್ಯೂಡೋನೆ ಸೇವ್ ಕೆಲಸ ಮುಗಿಸಿದರು, 1935ರಲ್ಲಿ ಪಿಸ್ತೂಲ್ ಬಂತು. ಆ ಕಾಲಕ್ಕೆ ಮ್ಯಾಗಜೀನ್‌ನಲ್ಲಿ 13 ಗುಂಡು ಅಂದ್ರೆ ದೊಡ್ಡ ಸಂಗತಿ. ಎರಡನೇ ಮಹಾಯುದ್ಧದಲ್ಲಿ ಕೆನಡಾದ ಇಂಗ್ಲಿಸ್ ಕಂಪನಿಯೂ ತಯಾರಿಸಿತು; ಇಶಾಪುರದ್ದು ಅದೇ ಮಾದರಿ.

ಮೂಲ ಕಂಪನಿ ಎಫ್ಎನ್ 2018ರಲ್ಲಿ ತಯಾರಿಕೆ ನಿಲ್ಲಿಸಿತು. ಹಳೇ ಮಾಡೆಲ್ ಅಂತ ಜನ ಬಿಡಲಿಲ್ಲ. 2021ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ‘ಎಸ್ಎ-35’ ತಂದಿತು, 15 ಗುಂಡಿನದ್ದು. ಟರ್ಕಿಯ ಗಿರ್ಸನ್ ಕೂಡ ಒಂದು ಮಾಡಿತು. 2022ರಲ್ಲಿ ಎಫ್ಎನ್ ತಾನೇ 17 ಗುಂಡಿನ ಹೊಸ ಹೈ-ಪವರ್ ಬಿಟ್ಟಿತು. ಮ್ಯಾಗಜೀನ್ ತೆಗೆದರೆ ಟ್ರಿಗರ್ ಕೆಲಸ ಮಾಡದ ಹಳೆಯ ಏರ್ಪಾಡನ್ನು ಎಸ್ಎ-35ರಲ್ಲಿ ಕೈಬಿಡಲಾಗಿದೆ. ಹಾಗಾಗಿ ನಕಲು ಅಂದ್ರೂ ಪೂರ್ತಿ ನಕಲಲ್ಲ.

ಇವ್ಯಾವುವೂ ಇಲ್ಲಿನ ಸಾಮಾನ್ಯ ಲೈಸೆನ್ಸ್‌ದಾರರಿಗೆ ಬರಲ್ಲ. ಶಸ್ತ್ರಾಸ್ತ್ರ ಕಾನೂನಿನಲ್ಲಿ 9 ಎಂಎಂ ನಿಷೇಧಿತ ಬೋರ್. ಲೈಸೆನ್ಸ್‌ನಲ್ಲಿ ಸಿಗೋದು .32 ಬೋರ್‌ನಂಥವು. ಸರ್ಕಾರಿ ಕಾರ್ಖಾನೆಯ ‘ಅಶನಿ’ .32 ಪಿಸ್ತೂಲೇ. ತಮಾಷೆ ಅಂದ್ರೆ, ಅದರ ಗುಂಡೂ ಬ್ರೌನಿಂಗ್ ವಿನ್ಯಾಸದ್ದೇ. ಇದನ್ನೇ 7.65 ಎಂಎಂ ಅಂತಲೂ ಕರೀತಾರೆ.

7.65 ಅನ್ನೋ ಸಂಖ್ಯೆ ಈ ಭಾಗದವರಿಗೆ ಹೊಸದಲ್ಲ. ಬಸವನಗುಡಿಯಲ್ಲಿ ಪತ್ರಿಕೆ ಕಚೇರಿ ಇಟ್ಟಿದ್ದ ಗೌರಿ ಲಂಕೇಶ್ ಅವರನ್ನು 2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿ ನಗರದ ಮನೆ ಮುಂದೆ ಕೊಂದಿದ್ದು 7.65 ಎಂಎಂ ನಾಡ ಪಿಸ್ತೂಲಿನಿಂದ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರ ಹತ್ಯೆಗೂ ಅದೇ ಪಿಸ್ತೂಲ್ ಬಳಕೆಯಾಗಿದೆ ಅಂತ ವಿಧಿವಿಜ್ಞಾನ ಪ್ರಯೋಗಾಲಯ ವರದಿ ಕೊಟ್ಟಿತು. ಪ್ರತಿ ಪಿಸ್ತೂಲ್ ಗುಂಡಿನ ಮೇಲೆ, ಖಾಲಿ ಕೋಶದ ಮೇಲೆ ತನ್ನದೇ ಗೀರು ಬಿಡುತ್ತೆ. ಎರಡನ್ನೂ ಸೂಕ್ಷ್ಮದರ್ಶಕದಡಿ ಇಟ್ಟು ಹೋಲಿಸ್ತಾರೆ. ಕಾರ್ಖಾನೆ ಸೀಲು, ನಂಬರು ಇಲ್ಲದ ಕಳ್ಳ ಮಾಲಿಗೂ ಈ ಗುರುತು ತಪ್ಪಲ್ಲ.

2019ರ ತಿದ್ದುಪಡಿ ನಂತರ ಅಕ್ರಮವಾಗಿ ಬಂದೂಕು ತಯಾರಿಸಿದರೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ನಿಷೇಧಿತ ಬೋರ್ ಇಟ್ಟುಕೊಂಡರೆ 7ರಿಂದ 14 ವರ್ಷ. ಲೈಸೆನ್ಸ್ ಅವಧಿ 3ರಿಂದ 5 ವರ್ಷಕ್ಕೆ ಏರಿದೆ, ಆದರೆ ಒಬ್ಬರ ಹತ್ತಿರ ಇರಬಹುದಾದ ಬಂದೂಕು 3ರಿಂದ 2ಕ್ಕೆ ಇಳಿದಿದೆ. ತಾತನ ಕಾಲದ್ದು ಅಂತ ಬೀರುವಿನಲ್ಲಿ ಇಟ್ಟಿದ್ದರೂ ಲೆಕ್ಕಕ್ಕೆ ಬರುತ್ತೆ.

ಬೆಂಗಳೂರು ನಗರದಲ್ಲಿ ಲೈಸೆನ್ಸ್ ಕೊಡೋದು ಪೊಲೀಸ್ ಆಯುಕ್ತರು. ಅರ್ಜಿ ಹಾಕಿದ ಮೇಲೆ ಠಾಣೆಯಿಂದ ವಿಚಾರಣೆ ನಡೆಯುತ್ತೆ. ಚುನಾವಣೆ ಘೋಷಣೆಯಾದಾಗ ಠೇವಣಿ ಇಡಿ ಅಂತ ಆದೇಶ ಬಂದರೆ ಠಾಣೆಗೆ ಒಪ್ಪಿಸಿ, ರಸೀದಿ ತಪ್ಪದೆ ಇಸ್ಕೋಬೇಕು.